ತಾತನ ಜಗಲಿಯಿಂದ ಶಾಲೆಯ ಸಾಲಿಗೆ

"ಮನೆಯೇ ಮೊದಲ ಪಾಠಶಾಲೆ" ಎಂಬ ಮಾತನ್ನು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಆದರೆ ಮನೆಯೇ ಎರಡನೆಯ ಪಾಠಶಾಲೆಯೂ ಮೂರನೆಯ ಪಾಠಶಾಲೆಯೂ ಆಗಿಬಿಟ್ಟು, ಹತ್ತು ವರ್ಷ ತುಂಬಿದ ಮೇಲೆ ಮಗುವು ಮೊಟ್ಟಮೊದಲ ಬಾರಿಗೆ ಸರ್ಕಾರೀ ಶಾಲೆಯ ಹೊಸ್ತಿಲನ್ನು ತುಳಿದರೆ ಆಗುವುದೇನು? ಈ ಪ್ರಶ್ನೆಗೆ ಗಾದೆಯಲ್ಲಿ ಉತ್ತರವಿಲ್ಲ. ಉತ್ತರವನ್ನು ಮಗುವೂ ಅದರ ಮನೆಯವರೂ ಉಪಾಧ್ಯಾಯರೂ ಕೂಡಿಯೇ ಹುಡುಕಿಕೊಳ್ಳಬೇಕಾಗುತ್ತದೆ.

ಮೈಸೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ ಹುಣಸೂರನ್ನೂ ಪಿರಿಯಾಪಟ್ಟಣವನ್ನೂ ದಾಟಿ, ಕುಶಾಲನಗರದ ಕಾವೇರಿ ಸೇತುವೆ ಇನ್ನೂ ಸ್ವಲ್ಪ ದೂರವಿರುವಾಗಲೇ ಸಿಕ್ಕುವ ಊರು ಬೈಲಕುಪ್ಪೆ. ಪ್ರವಾಸಿಗರ ಪಾಲಿಗೆ ಇದು ಟಿಬೆಟಿನವರ ಊರು. ನಾಮ್‌ಡ್ರೋಲಿಂಗ್ ವಿಹಾರದ ಹೊಂಬಣ್ಣದ ಬುದ್ಧಮೂರ್ತಿಗಳನ್ನು ನೋಡಿ, ಬಿಸಿ ಬಿಸಿ ಮೊಮೊ ತಿಂದು, ಅವರು ತಮ್ಮ ದಾರಿ ಹಿಡಿಯುತ್ತಾರೆ. ಆದರೆ ಜೂನ್ ತಿಂಗಳಿನಲ್ಲಿ ಬೆಳಗ್ಗೆ ಒಂಬತ್ತು ಗಂಟೆಯ ಸುಮಾರಿಗೆ ಇಲ್ಲಿ ರಸ್ತೆಯ ಬದಿಯಲ್ಲಿ ನಿಂತವರಿಗೆ ಕಾಣುವ ನೋಟವೇ ಬೇರೆ. ಕೆಂಗಂದು ವಸ್ತ್ರದ ಎಳೆಯ ಭಿಕ್ಷುಗಳು, ಖಾಸಗಿ ಶಾಲೆಗಳ ಹಳದಿಯ ಬಸ್ಸುಗಳು, ಚೀಲವನ್ನು ಬೆನ್ನಿಗೇರಿಸಿ ನಡೆದೇ ಹೊರಟ ಸರ್ಕಾರೀ ಶಾಲೆಯ ಮಕ್ಕಳು, ಎಲ್ಲರೂ ಒಂದೇ ರಸ್ತೆಯ ಮೇಲೆ. ಆ ನಡೆದು ಹೋಗುವ ಗುಂಪಿನಲ್ಲಿ ಒಬ್ಬಿಬ್ಬರು ಹೊಸಬರು ಇದ್ದೇ ಇರುತ್ತಾರೆ. ಹೊಸಬರೆಂದರೆ ಬೇರೆ ಶಾಲೆಯಿಂದ ಬಂದವರಲ್ಲ. ಯಾವ ಶಾಲೆಯಿಂದಲೂ ಬಾರದವರು.

ಇವರು ಎಲ್ಲಿಂದ ಬರುತ್ತಾರೆ? ಪಟ್ಟಣದ ಉದ್ಯೋಗವನ್ನು ಬಿಟ್ಟು ಊರಿಗೆ ಹಿಂದಿರುಗಿ, ಮಕ್ಕಳಿಗೆ ತಾವೇ ಪಾಠ ಹೇಳಿಕೊಂಡಿದ್ದ ವಿದ್ಯಾವಂತ ಕುಟುಂಬಗಳಿಂದ ಕೆಲವರು. ಹೊಗೆಸೊಪ್ಪಿನ ಕಾಲದಲ್ಲಿ ಎಲೆಯನ್ನು ಕಡ್ಡಿಗೆ ಕಟ್ಟುವುದಕ್ಕೂ ಬ್ಯಾರನ್ನಿನ ಬಳಿ ತಮ್ಮ ತಂಗಿಯರನ್ನು ನೋಡಿಕೊಳ್ಳುವುದಕ್ಕೂ ಮನೆಯಲ್ಲಿ ಉಳಿದವರು ಇನ್ನು ಕೆಲವರು. ನಾಗರಹೊಳೆಯ ಅಂಚಿನ ಹಾಡಿಗಳಿಂದ ಬರುವ ಜೇನುಕುರುಬರ ಮಕ್ಕಳು ಮತ್ತೆ ಕೆಲವರು. ಮೂವರೂ ತಲಪುವುದು ಒಂದೇ ಬಾಗಿಲನ್ನು. ಆದರೆ ಆ ಬಾಗಿಲಲ್ಲಿ ಮೂವರಿಗೂ ದೊರೆಯುವ ಸ್ವಾಗತ ಒಂದೇ ಆಗಿರುವುದಿಲ್ಲ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಾನು ಹತ್ತಿರದಿಂದ ಕಂಡ ಒಂದು ಸಂಗತಿ. ನನ್ನ ಗೆಳೆಯರೊಬ್ಬರು ಬೆಂಗಳೂರಿನ ಖಾಸಗಿ ಕಂಪೆನಿಯೊಂದರಲ್ಲಿದ್ದವರು, 2020ರ ಮಾರ್ಚಿಯಲ್ಲಿ ಕೊರೋನಾ ಕಾಯಿಲೆಯ ದೆಸೆಯಿಂದ ಶಾಲೆಗಳು ಮುಚ್ಚಿದಾಗ ಹೆಂಡತಿ ಮಕ್ಕಳೊಡನೆ ಬೈಲಕುಪ್ಪೆಯ ಹತ್ತಿರದ ತಮ್ಮ ಹಳ್ಳಿಗೆ ಬಂದರು. ಮಗಳು ಆ ವರ್ಷ ಒಂದನೆಯ ತರಗತಿಗೆ ಸೇರಬೇಕಾಗಿತ್ತು. ಮಗ ಇನ್ನೂ ಅಂಬೆಗಾಲಿಕ್ಕುವ ಕೂಸು. ಮನೆಯಲ್ಲಿ ತಾತ, ನಿವೃತ್ತ ಪ್ರಾಥಮಿಕ ಶಾಲಾ ಉಪಾಧ್ಯಾಯರು. ಜಗಲಿಯ ಮೇಲೆ ಪಾಠ ಆರಂಭವಾಯಿತು. ಆ ವರ್ಷದ ಆಗಸ್ಟಿನಲ್ಲಿ ಸರ್ಕಾರವು ಉಪಾಧ್ಯಾಯರನ್ನೇ ಮಕ್ಕಳ ಬೀದಿಗೆ ಕಳುಹಿಸುವ 'ವಿದ್ಯಾಗಮ'ವನ್ನು ತಂದಿತು, ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ನಿಲ್ಲಿಸಿತು, 2021ರ ಜನವರಿಯಲ್ಲಿ ಮತ್ತೆ ಆರಂಭಿಸಿತು. ಹೀಗೆ ಶಾಲೆ ತೆರೆಯುವುದೂ ಮುಚ್ಚುವುದೂ ನಡೆದಿರುವಾಗ ಜಗಲಿಯ ಪಾಠ ಮಾತ್ರ ಒಂದು ದಿನವೂ ತಪ್ಪಲಿಲ್ಲ. ಕೊನೆಗೆ ಶಾಲೆಗಳು ಪೂರ್ತಿಯಾಗಿ ತೆರೆದ ಮೇಲೂ "ಬರುವ ವರ್ಷ ನೋಡೋಣ" ಎಂದೇ ನಾಲ್ಕು ವರ್ಷಗಳು ಸರಿದುವು.

ಶಾಲೆಗೆ ಸೇರಿಸಿರೆಂದು ಕಡೆಗೆ ಹೇಳಿದವರು ತಾತನೇ. "ನನ್ನ ಜೋಳಿಗೆಯಲ್ಲಿ ಇದ್ದದ್ದೆಲ್ಲ ಮುಗಿಯಿತು ಕಣಪ್ಪಾ. ಮಿಕ್ಕದ್ದಕ್ಕೆ ಶಾಲೆಯೇ ಬೇಕು" ಎಂದು ಮಗನಿಗೆ ಹೇಳಿ, 2024ರ ಜೂನಿನಲ್ಲಿ ಮೊಮ್ಮಕ್ಕಳಿಬ್ಬರ ಕೈಹಿಡಿದುಕೊಂಡು ತಾವೇ ಸರ್ಕಾರೀ ಹಿರಿಯ ಪ್ರಾಥಮಿಕ ಶಾಲೆಗೆ ಹೊರಟರು. ನಾನೂ ಜೊತೆಗಿದ್ದೆ.

"ನಮಸ್ಕಾರ, ಮೇಷ್ಟ್ರೇ, ಕುಳಿತುಕೊಳ್ಳಿ. ಮಗು ಯಾವ ಶಾಲೆಯಿಂದ ಬಂತು?" ಎಂದು ಮುಖ್ಯೋಪಾಧ್ಯಾಯಿನಿ ಕೇಳಿದರು.

"ಯಾವ ಶಾಲೆಯಿಂದಲೂ ಅಲ್ಲ, ಮೇಡಂ. ಜಗಲಿಯಿಂದ ಬಂದಿದೆ."

"ಹಾಗಾದರೆ ವರ್ಗಾವಣೆ ಪತ್ರ?"

"ಅದನ್ನು ಬರೆಯಬೇಕಾದವನು ನಾನೇ. ಬರೆದುಕೊಡಲೆ?"

ಆಕೆ ನಕ್ಕುಬಿಟ್ಟರು. ಕೆಲಸ ಅಲ್ಲಿಗೆ ಅರ್ಧ ಮುಗಿದಂತಾಯಿತು.

ಇಲ್ಲಿ ತಂದೆತಾಯಿಗಳಿಗೆ ತಿಳಿದಿರಬೇಕಾದ ಒಂದು ಸಂಗತಿಯಿದೆ. ಪತ್ರವಿಲ್ಲ, ವಯಸ್ಸು ಮೀರಿದೆ, ಶಾಲೆ ಆರಂಭವಾಗಿ ತಿಂಗಳುಗಳಾದುವು ಎಂಬ ಕಾರಣಗಳಿಂದ ಮಗುವನ್ನು ಹಿಂದಕ್ಕೆ ಕಳುಹಿಸುವ ಅಧಿಕಾರ ಇಂದು ಯಾವ ಸರ್ಕಾರೀ ಶಾಲೆಗೂ ಇಲ್ಲ. 2009ರಲ್ಲಿ ಅಂಗೀಕಾರವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ ನಾಲ್ಕನೆಯ ಪ್ರಕರಣ ಸ್ಪಷ್ಟವಾಗಿದೆ: ಆರು ವರ್ಷ ದಾಟಿಯೂ ಶಾಲೆಗೆ ಸೇರದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು. ಅಷ್ಟೇ ಅಲ್ಲ, ಜೊತೆಯ ಮಕ್ಕಳ ಸಮಕ್ಕೆ ಬರುವುದಕ್ಕಾಗಿ ವಿಶೇಷ ತರಬೇತಿಯನ್ನು ಪಡೆಯುವುದು ಆ ಮಗುವಿನ ಹಕ್ಕು. ಈ ತರಬೇತಿಗೆ ಕೇಂದ್ರದ ಮಾದರಿ ನಿಯಮಗಳು ಇಟ್ಟಿರುವ ಅವಧಿ ಕಡಮೆಯೆಂದರೆ ಮೂರು ತಿಂಗಳು, ಹೆಚ್ಚೆಂದರೆ ಎರಡು ವರ್ಷ. ಹದಿನಾಲ್ಕು ವರ್ಷ ತುಂಬಿದರೂ ಎಂಟನೆಯ ತರಗತಿ ಮುಗಿಯುವ ತನಕ ಉಚಿತ ಶಿಕ್ಷಣ ಮುಂದುವರಿಯಬೇಕು. ವಯಸ್ಸಿನ ದಾಖಲೆಯಿಲ್ಲವೆಂದು ಪ್ರವೇಶವನ್ನು ನಿರಾಕರಿಸಕೂಡದು; ಸೇರಿಸಿಕೊಳ್ಳುವ ಮುನ್ನ ಆಯ್ಕೆಯ ಪರೀಕ್ಷೆಯನ್ನು ಮಾಡಲೂಕೂಡದು.

ಕಾಯಿದೆ ಹಾಗಿದ್ದರೂ, "ಒಂದೆರಡು ತರಗತಿ ಕೆಳಗೆ ಕೂರಿಸಿದರೆ ಪಾಠ ಸುಲಭವಾಗುತ್ತದಲ್ಲ" ಎಂಬ ಸಲಹೆಯನ್ನು ಹಿತೈಷಿಗಳು ಕೊಡದೆ ಇರುವುದಿಲ್ಲ. ನನಗೆ ಇದು ಒಪ್ಪಿಗೆಯಿಲ್ಲ. ಹತ್ತು ವರ್ಷದ ಹುಡುಗಿಯನ್ನು ಏಳು ವರ್ಷದವರ ನಡುವೆ ಕೂರಿಸಿದರೆ ಪಾಠ ಸುಲಭವಾದೀತು, ಬದುಕು ಕಷ್ಟವಾಗುತ್ತದೆ. ಮಕ್ಕಳ ಲೋಕದಲ್ಲಿ ಎತ್ತರವೂ ಒಂದು ಅಂತಸ್ತು. ಅದಕ್ಕೆ ತಕ್ಕ ಸ್ಥಳ ದೊರೆಯದ ಮಗು ಪುಸ್ತಕವನ್ನು ತೆರೆಯುವ ಮೊದಲೇ ಸೋತಿರುತ್ತದೆ. ನಮ್ಮ ಅಜ್ಜಂದಿರ ಕಾಲದ ಕೂಲಿಮಠದಲ್ಲಿ ಆರು ವರ್ಷದವನೂ ಹನ್ನೆರಡು ವರ್ಷದವನೂ ಒಂದೇ ಮರಳಿನ ಮೇಲೆ ಅಕ್ಷರ ತಿದ್ದುತ್ತಿದ್ದರು, ಯಾರಿಗೂ ನಾಚಿಕೆಯಿರಲಿಲ್ಲ, ನಿಜ. ಏಕೆಂದರೆ ಅಲ್ಲಿ ತರಗತಿ ಎಂಬುದೇ ಇರಲಿಲ್ಲ.

ಹುಡುಗಿ ಐದನೆಯ ತರಗತಿಗೆ ಸೇರಿದಳು. ಅವಳ ತಮ್ಮ ಒಂದನೆಯ ತರಗತಿಗೆ.

ಮೂರನೆಯ ವಾರ

ಮೊದಲ ವಾರ ಎಲ್ಲವೂ ಹೊಸದು, ಎಲ್ಲವೂ ಚೆಂದ. ಎರಡನೆಯ ವಾರ ಮೌನ. ಮೂರನೆಯ ವಾರ ಸೋಮವಾರ ಬೆಳಗ್ಗೆ ಹೊಟ್ಟೆನೋವು. ಮಂಗಳವಾರವೂ ಹೊಟ್ಟೆನೋವು. ಹತ್ತು ಗಂಟೆ ಕಳೆದು, ಇನ್ನು ಶಾಲೆಗೆ ಕಳುಹಿಸುವುದಿಲ್ಲವೆಂದು ಖಚಿತವಾದ ಕೂಡಲೇ ಹೊಟ್ಟೆನೋವು ಮಾಯ. ಕುಮಾರವ್ಯಾಸನ ಪದ್ಯಗಳನ್ನು ರಾಗವಾಗಿ ಓದಬಲ್ಲ ಹುಡುಗಿ ತರಗತಿಯಲ್ಲಿ ಬಾಯಿಯನ್ನೇ ತೆರೆಯುತ್ತಿರಲಿಲ್ಲ. ಹಲಗೆಯ ಮೇಲೆ ಬರೆದುದರಲ್ಲಿ ಕಾಲುಭಾಗವೂ ಅವಳ ಪುಸ್ತಕಕ್ಕೆ ಇಳಿಯುತ್ತಿರಲಿಲ್ಲ. ನೀರು ಕುಡಿಯಲು ಕೇಳದೆ ಎದ್ದು ಹೋಗುತ್ತಿದ್ದಳು, ಗಂಟೆ ಹೊಡೆದರೂ ಕುಳಿತೇ ಇರುತ್ತಿದ್ದಳು. ಒಮ್ಮೆ ಉಪಾಧ್ಯಾಯಿನಿಯನ್ನು "ತಾತಾ" ಎಂದು ಕರೆದುಬಿಟ್ಟಳಂತೆ. ತರಗತಿಗೆ ತರಗತಿಯೇ ನಕ್ಕಿತು.

ಆ ರಾತ್ರಿ ಅವರ ಮನೆಯಲ್ಲಿ ನಡೆದ ಚರ್ಚೆ ನನಗೆ ಚೆನ್ನಾಗಿ ನೆನಪಿದೆ. "ಸಾಕು, ಮನೆಯಲ್ಲೇ ಇರಲಿ, ದೊಡ್ಡವಳಾದ ಮೇಲೆ ಮುಕ್ತ ಶಾಲೆಯ ಪರೀಕ್ಷೆಗೆ ಕೂತರಾಯಿತು" ಎಂದರು ತಂದೆ. ಅದು ಆಗದ ಮಾತೇನಲ್ಲ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ 1989ರಿಂದ ಇದೆ. ಹದಿನಾಲ್ಕು ವರ್ಷ ತುಂಬಿದವರು ಅದರ ಮೂಲಕ ಹತ್ತನೆಯ ತರಗತಿಗೆ ಸಮನಾದ ಪರೀಕ್ಷೆಯನ್ನು ಬರೆಯಬಹುದು. ಆದರೆ ಆ ಮನೆಯಲ್ಲಿ ಆ ರಾತ್ರಿ ತೀರ್ಮಾನವಾಗಬೇಕಾಗಿದ್ದುದು ಪರೀಕ್ಷೆಯ ಮಾತಲ್ಲ. ಹಿಂದಿರುಗಿದರೆ ಮಗುವಿಗೆ "ಹೊರಗಿನ ಜಗತ್ತು ನನ್ನ ಕೈಯಲ್ಲಿ ಆಗದ್ದು" ಎಂಬ ಪಾಠ ಉಳಿದುಬಿಡುತ್ತಿತ್ತು. ತಾತನಿಗೆ ಅದು ಅರ್ಥವಾಗಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಶಾಲೆ ಬಿಡಿಸಬೇಡ. ಜಗಲಿಯ ಪಾಠ ಬಿಡಿಸು. ಒಂದು ತಿಂಗಳು ನಾನು ಅವಳಿಗೆ ಏನೂ ಹೇಳಿಕೊಡುವುದಿಲ್ಲ" ಎಂದರು.

ಐವತ್ತು ವರ್ಷಗಳಿಂದ ಪಾಠ ಹೇಳುವುದನ್ನೇ ಉಸಿರು ಮಾಡಿಕೊಂಡಿದ್ದ ಆ ಹಿರಿಯರಿಗೆ ಈ ಮಾತು ಎಷ್ಟು ಕಷ್ಟವಾಗಿರಬೇಕೆಂಬುದನ್ನು ವಾಚಕರು ಊಹಿಸಬಹುದು. ಆದರೆ ಕಾರಣ ಗಟ್ಟಿಯಾಗಿತ್ತು. ಹುಡುಗಿ ದಿನಕ್ಕೆ ಎರಡು ಶಾಲೆಗಳನ್ನು ಹೊರುತ್ತಿದ್ದಳು. ಹಗಲು ಸರ್ಕಾರದ ಶಾಲೆ. ಸಂಜೆ ಐದರಿಂದ ಏಳರವರೆಗೆ ತಾತನ ಶಾಲೆ. ಹಗಲಿನ ಕೊರತೆಯನ್ನು ಸಂಜೆ ತುಂಬುವುದೆಂದು ಮನೆಯವರ ಲೆಕ್ಕ. ನಡೆಯುತ್ತಿದ್ದುದು ಮಾತ್ರ ಬೇರೆ. "ನಿಮ್ಮ ಮಿಸ್ ಹೀಗೆ ಹೇಳಿಕೊಟ್ಟರೇ? ಅದು ಸುತ್ತುದಾರಿ. ಇಲ್ಲಿ ನೋಡು" ಎಂಬ ಒಂದು ಮಾತು ಸಾಕು, ಮಗುವಿನ ಮನಸ್ಸು ಎರಡು ಗುರುಗಳ ನಡುವೆ ಹರಿದು ಹಂಚಿಹೋಗುವುದಕ್ಕೆ.

ಕೊರತೆ ಎಲ್ಲಿದೆ?

"ಮಗು ಹಿಂದೆ ಬಿದ್ದಿದೆ" ಎಂಬ ಮಾತಿನಿಂದ ಯಾರಿಗೂ ಪ್ರಯೋಜನವಿಲ್ಲ. ಎಲ್ಲಿ ಹಿಂದೆ, ಎಷ್ಟು ಹಿಂದೆ, ಏಕೆ ಹಿಂದೆ ಎಂಬುದು ತಿಳಿಯಬೇಕು. ಆ ತರಗತಿಯ ಉಪಾಧ್ಯಾಯಿನಿ ಮಾಡಿದುದು ಇದನ್ನೇ. ಒಂದು ವಾರ ಅವರು ಅವಳಿಗೆ ಅಂಕಗಳ ಪರೀಕ್ಷೆ ಕೊಡಲಿಲ್ಲ. ಎರಡನೆಯ, ಮೂರನೆಯ, ನಾಲ್ಕನೆಯ ತರಗತಿಗಳ ಪುಸ್ತಕಗಳನ್ನು ಒಂದೊಂದಾಗಿ ಮುಂದಿಟ್ಟು ಓದಿಸಿದರು, ಬರೆಯಿಸಿದರು, ಲೆಕ್ಕ ಮಾಡಿಸಿದರು. ಓದುವುದರಲ್ಲಿ ಹುಡುಗಿ ಏಳನೆಯ ತರಗತಿಯವರಿಗೂ ಮೇಲು. ಬಾಯಿಲೆಕ್ಕದಲ್ಲಿ ಅವಳಿಗೆ ಸಮನಾದವರು ಇಲ್ಲ. ಬರೆವಣಿಗೆ ಎರಡನೆಯ ತರಗತಿಯ ಮಟ್ಟದ್ದು. ಇಂಗ್ಲಿಷು ಆರಂಭವೇ ಆಗಿಲ್ಲ.

ಬರೆವಣಿಗೆಯ ಗುಟ್ಟು ಬಯಲಾದುದು ಆಕಸ್ಮಿಕವಾಗಿ. ಹಲಗೆಯ ಕಡೆ ನೋಡುವಾಗ ಹುಡುಗಿ ಕಣ್ಣನ್ನು ಕಿರಿದು ಮಾಡುವುದನ್ನು ಉಪಾಧ್ಯಾಯಿನಿ ಗಮನಿಸಿದರು. ಕಣ್ಣಿನ ಪರೀಕ್ಷೆ ಮಾಡಿಸಿದಾಗ ದೂರದ ದೃಷ್ಟಿ ಮಂದವಾಗಿರುವುದು ತಿಳಿಯಿತು; ಕನ್ನಡಕ ಬಂತು. ಮನೆಯಲ್ಲಿ ಇದು ನಾಲ್ಕು ವರ್ಷ ಯಾರ ಗಮನಕ್ಕೂ ಬಾರದಿದ್ದುದು ಏಕೆ? ಜಗಲಿಯ ಮೇಲೆ ಪುಸ್ತಕ ಇರುವುದು ಒಂದು ಮೊಳದ ದೂರದಲ್ಲಿ. ಹತ್ತು ಹನ್ನೆರಡು ಅಡಿ ದೂರದ ಹಲಗೆಯನ್ನು ಓದುವ ಪ್ರಸಂಗವೇ ಅಲ್ಲಿ ಬರುವುದಿಲ್ಲ. ಮನೆಯಲ್ಲಿ ಕಲಿತ ಮಗುವನ್ನು ಶಾಲೆಗೆ ಸೇರಿಸುವವರು ಸಮವಸ್ತ್ರವನ್ನು ಹೊಲಿಸುವ ಮೊದಲು ಕಣ್ಣು ಕಿವಿಗಳನ್ನು ಪರೀಕ್ಷೆ ಮಾಡಿಸುವುದು ಮೇಲು.

ಕನ್ನಡಕದಿಂದ ಅರ್ಧ ಕಷ್ಟ ನೀಗಿತು. ಉಳಿದರ್ಧ ಅಭ್ಯಾಸದ್ದು. ತಲೆಯೆತ್ತಿ ಒಂದು ಸಾಲನ್ನು ನೋಡಿ, ನೆನಪಿನಲ್ಲಿಟ್ಟುಕೊಂಡು, ತಲೆಬಗ್ಗಿಸಿ ಬರೆದು, ಮತ್ತೆ ತಲೆಯೆತ್ತಿ ಅದೇ ಸಾಲನ್ನು ಹಿಡಿಯುವುದು ನಮಗೆ ಸಹಜವೆನಿಸುತ್ತದೆ. ಅದು ನಾವು ಶಾಲೆಯಲ್ಲಿ ವರ್ಷಗಟ್ಟಲೆ ಕಲಿತ ವಿದ್ಯೆ. ಇದಕ್ಕಾಗಿ ಅವಳ ತಾಯಿ ಎದುರು ಗೋಡೆಗೆ ದಪ್ಪಕ್ಷರದ ಹಾಳೆಯೊಂದನ್ನು ಅಂಟಿಸಿ, ದಿನಕ್ಕೆ ಐದೇ ಸಾಲುಗಳನ್ನು ನೋಡಿ ಬರೆಯಿಸಿದರು. ಹತ್ತು ನಿಮಿಷದ ಕೆಲಸ. ಒಂದು ತಿಂಗಳಿನಲ್ಲಿ ಐದು ಸಾಲು ಹನ್ನೆರಡಾಯಿತು.

ಗಣಿತದ ಕಥೆ ಇನ್ನೂ ಸ್ವಾರಸ್ಯವಾದುದು. ತಾತ ಅವಳಿಗೆ ಕಾಲು, ಅರೆ, ಮುಕ್ಕಾಲುಗಳ ಮಗ್ಗಿಯನ್ನು ಬಾಯಿಪಾಠ ಮಾಡಿಸಿದ್ದರು. "ಹದಿನಾರರ ಮುಕ್ಕಾಲು?" ಎಂದರೆ ಕಣ್ಣು ಮಿಟುಕಿಸುವುದರೊಳಗಾಗಿ "ಹನ್ನೆರಡು" ಎನ್ನುತ್ತಿದ್ದಳು. ಆದರೆ ಹಲಗೆಯ ಮೇಲೆ ಮೂರನ್ನು ಬರೆದು, ಕೆಳಗೆ ಗೆರೆಯೆಳೆದು, ಗೆರೆಯ ಕೆಳಗೆ ನಾಲ್ಕನ್ನು ಬರೆದಾಗ ಅದು ಅದೇ ಮುಕ್ಕಾಲು ಎಂಬುದು ಅವಳಿಗೆ ಹೊಳೆಯಲಿಲ್ಲ. "ಮಿಸ್, ಮೇಲಿನದು ಮೊದಲೋ ಕೆಳಗಿನದು ಮೊದಲೋ?" ಎಂದು ಕೇಳಿದಳಂತೆ. ಅಂಶ, ಛೇದ ಎಂಬ ಹೆಸರುಗಳನ್ನು ಅವಳು ಕೇಳಿರಲಿಲ್ಲ. ಅಂಕಿಗಳನ್ನೂ ತಾತ ೧, ೨, ೩ ಎಂದು ಕನ್ನಡದಲ್ಲಿ ಕಲಿಸಿದ್ದರು. ಶಾಲೆಯ ಪುಸ್ತಕದಲ್ಲಿ ಇರುವುದು 1, 2, 3. ಅವಸರದಲ್ಲಿ ಎರಡನ್ನೂ ಬೆರೆಸಿ ಬರೆಯುತ್ತಿದ್ದಳು. ಉಪಾಧ್ಯಾಯಿನಿ ಗದರಲಿಲ್ಲ. ಕಾಗದವೊಂದನ್ನು ನಾಲ್ಕಾಗಿ ಮಡಿಸಿ, ಮೂರು ಪಾಲಿಗೆ ಬಣ್ಣ ಬಳಿಯಿಸಿ, "ಇದೇ ನಿಮ್ಮ ತಾತನ ಮುಕ್ಕಾಲು" ಎಂದರು. "ಇಷ್ಟೆಯೆ?" ಎಂದಳು ಹುಡುಗಿ. ಇಷ್ಟೆ. ಮನೆಯಲ್ಲಿ ಕಲಿತ ಮಗುವಿಗೆ ಎಷ್ಟೋ ವೇಳೆ ವಿದ್ಯೆ ಇರುತ್ತದೆ, ಶಾಲೆಯ ಲಿಪಿ ಇರುವುದಿಲ್ಲ. ಅದನ್ನು ದಡ್ಡತನವೆಂದು ಎಣಿಸುವ ಉಪಾಧ್ಯಾಯರ ಕೈಗೆ ಸಿಕ್ಕಿದ್ದರೆ ಈ ಹುಡುಗಿಯ ಗತಿ ಏನಾಗುತ್ತಿತ್ತೋ!

ಇನ್ನೊಂದು ಸಹಾಯ ಬಂದುದು ಶಾಲೆಯ ಬೀರುವಿನಿಂದ. ಕೊರೋನಾ ಕಾಲದಲ್ಲಿ ರಾಜ್ಯದ ಮಕ್ಕಳೆಲ್ಲರೂ ಕಲಿಕೆಯಲ್ಲಿ ಹಿಂದೆ ಬಿದ್ದುದನ್ನು ಕಂಡು ಸರ್ಕಾರವು 2022-23ನೆಯ ವರ್ಷವನ್ನೇ 'ಕಲಿಕಾ ಚೇತರಿಕೆ'ಯ ವರ್ಷವೆಂದು ನಡೆಸಿತು. ಒಂದರಿಂದ ಒಂಬತ್ತನೆಯ ತರಗತಿಯವರೆಗೆ ಹಿಂದಿನ ತರಗತಿಗಳ ಕಲಿಕೆಯನ್ನು ಮರಳಿ ಮುಟ್ಟಿಸುವ ಕಲಿಕಾ ಹಾಳೆಗಳನ್ನು ಆಗ ಹಂಚಲಾಗಿತ್ತು. ಅದರ ಕಟ್ಟೊಂದು ಆ ಶಾಲೆಯಲ್ಲಿ ಉಳಿದಿತ್ತು. ಇಡೀ ನಾಡು ಒಮ್ಮೆ ಹಿಂದೆ ಬಿದ್ದು ಎದ್ದ ದಾರಿಯಲ್ಲಿ ಈ ಒಬ್ಬ ಹುಡುಗಿ ಎರಡು ವರ್ಷ ತಡವಾಗಿ ನಡೆದಳು, ಅಷ್ಟೆ.

ರ ಗ ಸ ದ ಅ

ಅವಳ ತಮ್ಮನ ತೊಂದರೆ ಬೇರೆ ಬಗೆಯದು. ತಾತನ ಕೃಪೆಯಿಂದ ಅವನು ಅಕಾರದಿಂದ ಳಕಾರದವರೆಗೆ ಒಂದೇ ಉಸಿರಿನಲ್ಲಿ ಹೇಳುತ್ತಿದ್ದ. ಆದರೆ 'ಸ' ಅಕ್ಷರವನ್ನು ಬೇರೆಯಾಗಿ ತೋರಿಸಿದರೆ ಗುರುತು ಸಿಕ್ಕುತ್ತಿರಲಿಲ್ಲ. ಮೊದಲಿನಿಂದ ಹೇಳಿಕೊಂಡು ಬಂದರೆ ಮಾತ್ರ ಅಲ್ಲಿಗೆ ತಲಪುತ್ತಿದ್ದ. ಶಾಲೆಯ ನಲಿಕಲಿಯಲ್ಲಿ ಅಕ್ಷರಗಳು ಬರುವುದು ರ, ಗ, ಸ, ದ, ಅ ಎಂಬ ಕ್ರಮದಲ್ಲಿ. ಇದನ್ನು ಕೇಳಿ ತಾತ ಬೆರಗಾದರು. "ಅಕಾರವನ್ನು ಐದನೆಯ ಮಣೆಯಲ್ಲಿ ಕೂರಿಸಿದ್ದಾರಲ್ಲಯ್ಯ!" ಎಂದು ನನ್ನನ್ನು ಕೇಳಿದರು. ಕೇಶಿರಾಜನನ್ನು ಓದಿದ ನನಗೂ ಮೊದಲು ಅಚ್ಚರಿಯೇ. ಆದರೆ ಯೋಚಿಸಿದರೆ ಎರಡು ಕ್ರಮಗಳೂ ತಮ್ಮ ತಮ್ಮ ಜಾಗದಲ್ಲಿ ಸರಿ. ವರ್ಣಮಾಲೆಯ ಕ್ರಮ ಬಾಯಿಯ ಕ್ರಮ. ಧ್ವನಿಗಳು ಹುಟ್ಟುವ ಸ್ಥಾನವನ್ನು ಅನುಸರಿಸಿದ್ದು. ನಲಿಕಲಿಯ ಕ್ರಮ ಕೈಯ ಕ್ರಮ; ಬರೆಯಲು ಸುಲಭವಾದ, ಬೇಗನೆ ಪದಗಳಾಗಿ ಕೂಡುವ ಅಕ್ಷರಗಳು ಮೊದಲು. ಅರಸ, ಸರ, ಗರಗಸ ಎಂದು ಮಗು ಮೊದಲ ತಿಂಗಳಿನಲ್ಲಿಯೇ ಓದಬಲ್ಲುದು.

ಈ ನಲಿಕಲಿ ಹುಟ್ಟಿದುದು ಬೆಂಗಳೂರಿನ ಕಚೇರಿಯಲ್ಲಲ್ಲ, ನಮ್ಮ ನೆರೆಯ ಹೆಗ್ಗಡದೇವನಕೋಟೆಯಲ್ಲಿ ಎಂಬುದು ಅನೇಕರಿಗೆ ತಿಳಿಯದು. 1995ರ ಸುಮಾರಿಗೆ ಆ ತಾಲ್ಲೂಕಿನ ಉಪಾಧ್ಯಾಯರು ಆಂಧ್ರದ ಋಷಿವ್ಯಾಲಿಯ ಹಳ್ಳಿಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ ತಮ್ಮ ಶಾಲೆಗಳಲ್ಲಿ ಪ್ರಯೋಗ ಮಾಡಿದರು. ಕಾಡಿನ ಅಂಚಿನ ಆ ಶಾಲೆಗಳಲ್ಲಿ ಮಕ್ಕಳು ಹದಿನೈದು ದಿನ ಬಂದು, ಒಂದು ತಿಂಗಳು ಮಾಯವಾಗಿ, ಮತ್ತೆ ಬರುತ್ತಿದ್ದರು. ಪಾಠ ಮಾತ್ರ ಅವರಿಗಾಗಿ ಕಾಯುತ್ತಿರಲಿಲ್ಲ. ಆದುದರಿಂದ ಪಾಠವನ್ನೇ ಏಣಿಯಾಗಿ ಮಾಡಿ, ಪ್ರತಿಯೊಂದು ಮಗುವೂ ತಾನು ಬಿಟ್ಟ ಮೆಟ್ಟಿಲಿನಿಂದಲೇ ಹತ್ತುವಂತೆ ಅವರು ಅಣಿಗೊಳಿಸಿದರು. ಚೀಟಿಯ ಮೇಲಿನ ಗುರುತು ನೋಡಿ ಮಗು ತನ್ನ ಕೆಲಸವನ್ನು ತಾನೇ ತೆಗೆದುಕೊಳ್ಳುತ್ತದೆ. ಕೆಲವನ್ನು ಉಪಾಧ್ಯಾಯರೊಡನೆ, ಕೆಲವನ್ನು ಜೊತೆಗಾರರೊಡನೆ, ಕೆಲವನ್ನು ತಾನಾಗಿಯೇ ಕಲಿಯುತ್ತದೆ. 2009-10ರಲ್ಲಿ ಇದು ರಾಜ್ಯದ ಸರ್ಕಾರೀ ಶಾಲೆಗಳಿಗೆಲ್ಲ ಹರಡಿತು. ತಡವಾಗಿ ಬಂದ ಮಗುವಿಗೆ ಇದಕ್ಕಿಂತ ಹಿತವಾದ ಏರ್ಪಾಡು ಬೇರೊಂದಿಲ್ಲ. ದುರದೃಷ್ಟವೆಂದರೆ ಇದು ಇರುವುದು ಕೆಳಗಿನ ತರಗತಿಗಳಲ್ಲಿ ಮಾತ್ರ. ಐದನೆಯ ತರಗತಿಗೆ ನೇರವಾಗಿ ಬಂದ ಮಗುವಿಗೆ ಏಣಿಯಿಲ್ಲ, ಗೋಡೆಯೇ.

ಆ ಮುಖ್ಯೋಪಾಧ್ಯಾಯಿನಿ ಜಾಣೆ. ವಾರಕ್ಕೆ ಎರಡು ದಿನ ಅರ್ಧಗಂಟೆ ಹುಡುಗಿಯನ್ನು ನಲಿಕಲಿಯ ಕೋಣೆಗೆ ಕಳುಹಿಸಿದರು, ಕಲಿಯುವುದಕ್ಕಲ್ಲ, ಚಿಕ್ಕವರಿಗೆ ಕಥೆ ಓದಿ ಹೇಳುವುದಕ್ಕೆ. ತನ್ನ ತರಗತಿಯಲ್ಲಿ ಮೂಕಿಯಾಗಿದ್ದವಳಿಗೆ ಅಲ್ಲಿ ಮಾತು ಬಂತು. "ಅಕ್ಕಾ, ಇನ್ನೊಂದು ಕಥೆ" ಎಂದು ಒಂದನೆಯ ತರಗತಿಯವರು ಆಟದ ಬಯಲಿನಲ್ಲಿಯೂ ಅವಳ ಲಂಗ ಹಿಡಿದು ಎಳೆಯತೊಡಗಿದ ಮೇಲೆ ಅವಳ ಜೊತೆಯವರ ನಗುವೂ ನಿಂತಿತು.

ಊಟದ ಮಾತೊಂದು ಉಳಿಯಿತು. ಇದನ್ನು ಬರೆಯಬೇಕೋ ಬೇಡವೋ ಎಂದು ಯೋಚಿಸಿ, ಬರೆಯುತ್ತಿದ್ದೇನೆ. 2002ರಲ್ಲಿ ಆರಂಭವಾದ ಅಕ್ಷರ ದಾಸೋಹದ ಬಿಸಿಯೂಟ ಈಗ ಎಲ್ಲ ಸರ್ಕಾರೀ ಶಾಲೆಗಳಲ್ಲಿಯೂ ಇದೆ. ಆದರೆ ಹುಡುಗಿಯ ಅಜ್ಜಿ ದಿನವೂ ಡಬ್ಬಿ ಕಟ್ಟಿ ಕಳುಹಿಸುತ್ತಿದ್ದರು. "ಅವಳಿಗೆ ಹೊರಗಿನ ಊಟ ಒಗ್ಗುವುದಿಲ್ಲ" ಎಂಬುದು ಮೇಲುಮಾತು; ಒಳಮಾತು ಏನೆಂಬುದು ನಮ್ಮ ಸಮಾಜವನ್ನು ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಕ್ಕಳೆಲ್ಲ ಸಾಲಾಗಿ ಕುಳಿತು ಅನ್ನ ಸಾರು ಉಣ್ಣುವಾಗ ಇವಳೊಬ್ಬಳು ಕೋಣೆಯ ಮೂಲೆಯಲ್ಲಿ ಡಬ್ಬಿ ಬಿಚ್ಚುತ್ತಿದ್ದಳು. ತಾಯಿಯೇ ಧೈರ್ಯ ಮಾಡಿ ಅತ್ತೆಗೆ ಹೇಳಿದರು: "ಅತ್ತೆ, ಪಾಠ ಇವತ್ತಲ್ಲ ನಾಳೆ ಬಂದೀತು. ಸಾಲಿನಲ್ಲಿ ಕೂರುವುದು ಬಾರದೆ ಹೋದರೆ ಶಾಲೆ ಯಾಕೆ?" ಅಜ್ಜಿ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಡಬ್ಬಿಯ ಬದಲು ತಟ್ಟೆಯನ್ನು ತೊಳೆದು ಚೀಲಕ್ಕೆ ಹಾಕಿದರು. ಕನ್ನಡಕವೂ ಕಲಿಕಾ ಹಾಳೆಯೂ ಮಾಡದ ಕೆಲಸವನ್ನು ಆ ತಟ್ಟೆ ಮಾಡಿತೆಂದೇ ನನ್ನ ಎಣಿಕೆ.

ಕಾಡೂ ಒಂದು ಮನೆಯೇ

ಮನೆಯಲ್ಲಿ ಕಲಿತವರು ಹಿಂದುಳಿಯುತ್ತಾರೆಂದು ಯಾರೂ ಭಾವಿಸಬೇಕಾಗಿಲ್ಲ. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ತಮ್ಮ ಮಕ್ಕಳಿಗೆ ಎಳೆಯ ವಯಸ್ಸಿನ ಪಾಠಗಳನ್ನು ಮನೆಯಲ್ಲಿಯೇ ಕಲಿಸಿದವರು. ಅವರ ಮಗ ಉಲ್ಲಾಸ ಕಾರಂತರು ಆಮ್ಮೇಲೆ ಶಾಲೆ ಸೇರಿ, ಎಂಜಿನಿಯರಿಂಗ್ ಓದಿ, ಕಡೆಗೆ ಹುಲಿಗಳ ಅಧ್ಯಯನದಲ್ಲಿ ಜಗತ್ಪ್ರಸಿದ್ಧರಾದರು. ಅವರ ಆ ಅಧ್ಯಯನ ನಡೆದುದು ಇದೇ ನಾಗರಹೊಳೆಯಲ್ಲಿ. ಆದರೆ ಕಾರಂತರಂತಹ ತಂದೆ ಎಲ್ಲರಿಗೂ ದೊರೆಯುವುದಿಲ್ಲವಷ್ಟೆ.

ಅದೇ ನಾಗರಹೊಳೆಯಲ್ಲಿ ತಂದೆಯಿಂದಲೇ ಕಲಿತ ಇನ್ನೂ ಎಷ್ಟೋ ಮಕ್ಕಳಿದ್ದಾರೆ. ಜೇನುಕುರುಬರ ಹುಡುಗನಿಗೆ ಯಾವ ಮರದಲ್ಲಿ ಯಾವ ಜೇನು ಕಟ್ಟುತ್ತದೆ, ಯಾವ ಗೆಡ್ಡೆಯನ್ನು ಎಷ್ಟು ಅಗೆಯಬೇಕು, ಎಷ್ಟನ್ನು ಮಣ್ಣಿನಲ್ಲಿ ಉಳಿಸಬೇಕು, ಆನೆಯ ಹೆಜ್ಜೆ ಇಂದಿನದೋ ನಿನ್ನೆಯದೋ ಎಂಬುದೆಲ್ಲ ತಿಳಿದಿರುತ್ತದೆ. ಹಾಡಿಯಲ್ಲಿ ಆಡುವ ಮಾತು ಅವನದೇ. ಪುಸ್ತಕದ ಕನ್ನಡ ಅವನಿಗೆ ಹೆಚ್ಚುಕಡಮೆ ಎರಡನೆಯ ಭಾಷೆ. ಅವನೂ ಹತ್ತು ವರ್ಷಕ್ಕೆ ಶಾಲೆಗೆ ಬಂದು ಬಾಯಿ ತೆರೆಯದೆ ಕೂರುತ್ತಾನೆ. ಮೇಷ್ಟ್ರ ಮೊಮ್ಮಗಳು ಬಾಯಿ ತೆರೆಯದಿದ್ದರೆ ನಾವು "ಬುದ್ಧಿವಂತೆ, ಸ್ವಲ್ಪ ಸಂಕೋಚ" ಎನ್ನುತ್ತೇವೆ. ಹಾಡಿಯ ಹುಡುಗ ಬಾಯಿ ತೆರೆಯದಿದ್ದರೆ "ಇವಕ್ಕೆ ತಲೆಗೆ ಹತ್ತುವುದಿಲ್ಲ" ಎನ್ನುತ್ತೇವೆ. ಕಾಯಿದೆಯ ನಾಲ್ಕನೆಯ ಪ್ರಕರಣದ ಅಕ್ಷರಗಳು ಇಬ್ಬರಿಗೂ ಒಂದೇ. ಕಣ್ಣಿನ ಪರೀಕ್ಷೆ, ಒಂದು ವಾರದ ತಾಳ್ಮೆ, ಕಾಗದ ಮಡಿಸಿ ತೋರಿಸುವ ಅಕ್ಕರೆ ಇಬ್ಬರಿಗೂ ದೊರೆಯುತ್ತಿವೆಯೆ?

ದೊರೆತ ಕಡೆಗಳೂ ಇವೆ. ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳಾಗಿದ್ದ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು 1984ರಲ್ಲಿ ಕಟ್ಟಿದ ಸ್ವಾಮಿ ವಿವೇಕಾನಂದ ಯುವ ಚಳವಳಿಯು ಹೆಗ್ಗಡದೇವನಕೋಟೆಯ ಕಾಡಿನಂಚಿನಲ್ಲಿ ಹೊಸಹಳ್ಳಿಯ ಗಿರಿಜನ ಶಾಲೆಯನ್ನು ನಡೆಸಿಕೊಂಡು ಬಂದಿದೆ. ಸರ್ಕಾರದ ಆಶ್ರಮ ಶಾಲೆಗಳೂ ಹಾಡಿಗಳ ಬಳಿ ಇವೆ. ಕಾಡಿನಿಂದ ಹೊರಬಂದ ಕುಟುಂಬಗಳಿಗಾಗಿ 1999ರಿಂದ ಹುಣಸೂರು ತಾಲ್ಲೂಕಿನ ನಾಗಾಪುರದಲ್ಲಿ ನೆಲೆ ಕಲ್ಪಿಸಿದ ಮೇಲೆ ಅಲ್ಲಿಯ ಮಕ್ಕಳಿಗೆ ಶಾಲೆ ಹತ್ತಿರವಾಯಿತು, ಕಾಡು ದೂರವಾಯಿತು.

ಇಡೀ ಸಮುದಾಯವೇ ಹೊಸ ಶಾಲೆಗೆ ಒಗ್ಗಿಕೊಂಡ ಉದಾಹರಣೆಯನ್ನು ನೋಡಬೇಕಾದರೆ ಬೈಲಕುಪ್ಪೆಯವರು ಬೇರೆಲ್ಲಿಗೂ ಹೋಗಬೇಕಾಗಿಲ್ಲ. 1960ರ ದಶಕದ ಆರಂಭದಲ್ಲಿ ಟಿಬೆಟಿನ ನಿರಾಶ್ರಿತರು ಇಲ್ಲಿ ಕಾಡು ಕಡಿದು ಗುಡಾರ ಹಾಕಿದಾಗ, ಮನೆ ಇಲ್ಲವೆ ವಿಹಾರವನ್ನಲ್ಲದೆ ಬೇರೆ ಶಾಲೆಯನ್ನು ಕಂಡರಿಯದವರೇ ಅವರಲ್ಲಿ ಹೆಚ್ಚು. ಭಾರತ ಸರ್ಕಾರವು 1961ರಲ್ಲಿ ಟಿಬೆಟನ್ ಶಾಲೆಗಳ ಆಡಳಿತಕ್ಕಾಗಿ ಪ್ರತ್ಯೇಕ ಸಂಸ್ಥೆಯನ್ನೇ ಸ್ಥಾಪಿಸಿತು. ಅವರ ಭಾಷೆಯನ್ನೂ ಸಂಸ್ಕೃತಿಯನ್ನೂ ಬಿಡಿಸದೆ ಹೊಸ ವಿದ್ಯೆಯನ್ನು ಕಲಿಸುವುದು ಅದರ ಉದ್ದೇಶವಾಗಿತ್ತು. ದೂರದಿಂದ ಬಂದವರಿಗೆ ನಾವು ತೋರಿದ ಈ ವಿವೇಕವನ್ನು ಇಲ್ಲಿಯೇ ಹುಟ್ಟಿದ ಹಾಡಿಯ ಮಕ್ಕಳಿಗೆ ತೋರಿಸಲು ನಮಗೆ ಇನ್ನೂ ಹೆಚ್ಚು ಕಾಲ ಹಿಡಿಯಿತು.

ಇನ್ನು ಎಷ್ಟು ದಿನ ಬೇಕು ಎಂಬ ಪ್ರಶ್ನೆ. ತಂದೆಯರಿಗೆ ಅವಸರ. ಶಾಲೆಯಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನಗಳು ಇರುತ್ತವೆ. ಮೊದಲನೆಯದರಲ್ಲಿ ಆ ಹುಡುಗಿಗೆ ಕನ್ನಡವೊಂದನ್ನು ಬಿಟ್ಟು ಉಳಿದೆಲ್ಲದರಲ್ಲಿ ಕೆಳಗಿನ ದರ್ಜೆ. ವರ್ಷದ ಕೊನೆಗೆ ಗಣಿತ ಮೇಲಕ್ಕೆ ಬಂತು, ಪರಿಸರ ಅಧ್ಯಯನ ನಡುವೆ ನಿಂತಿತು. ಇಂಗ್ಲಿಷು ಇನ್ನೂ ಕುಂಟುತ್ತಿದೆ, ಇನ್ನೊಂದು ವರ್ಷ ಕುಂಟೀತು. ಮನೆಯಲ್ಲಿ ನಾಲ್ಕು ವರ್ಷ ಕಳೆದ ಮಗುವಿಗೆ ಎರಡು ವರ್ಷದ ಅವಕಾಶ ಕೊಡುವುದು ನ್ಯಾಯವೇ ಆಗಿದೆ. ತಾತ ಈಗ ಮತ್ತೆ ಪಾಠ ಹೇಳುತ್ತಾರೆ, ಭಾನುವಾರ ಮಾತ್ರ. ಅದೂ ಶಾಲೆಯ ಪಾಠವಲ್ಲ, ಭಾರತದ ವಾಚನ.

ಹಾಡಿಯ ಮಕ್ಕಳಿಗೆ ಈ ಲೆಕ್ಕ ಇನ್ನೂ ತೊಡಕಿನದು. ಡಿಸೆಂಬರ್ ಬಂತೆಂದರೆ ಕೊಡಗಿನ ತೋಟಗಳಲ್ಲಿ ಕಾಫಿ ಹಣ್ಣಿನ ಕೊಯ್ಲು. ಕುಟುಂಬ ಹೊರಟರೆ ಮಗುವೂ ಹೊರಟಿತು. ಶಾಲೆಯಲ್ಲಿ ಆರು ತಿಂಗಳು ಕಷ್ಟಪಟ್ಟು ಹತ್ತಿದ ಮೆಟ್ಟಿಲುಗಳಿಂದ ಅದು ಮತ್ತೆ ಇಳಿಯುತ್ತದೆ. ಆ ಮುಖ್ಯೋಪಾಧ್ಯಾಯಿನಿ ಇದಕ್ಕಾಗಿ ಒಂದು ಪದ್ಧತಿ ಮಾಡಿಕೊಂಡಿದ್ದಾರೆ. ಹೊರಡುವ ಮಗುವಿನ ಚೀಲದಲ್ಲಿ ಎರಡು ಕಥೆಪುಸ್ತಕ, ಹತ್ತು ಕಲಿಕಾ ಹಾಳೆ, ಒಂದು ಪೆನ್ಸಿಲು. ಹಾಜರಿ ಪುಸ್ತಕದಲ್ಲಿ ಆ ಹೆಸರನ್ನು ಅವರು ಹೊಡೆದುಹಾಕುವುದಿಲ್ಲ. ಮಾರ್ಚಿಯಲ್ಲಿ ಅದು ಹಿಂದಿರುಗುವ ತನಕ ಸಾಲಿನಲ್ಲಿ ಅದರ ಜಾಗವನ್ನು ಹಾಗೆಯೇ ಇಟ್ಟಿರುತ್ತಾರೆ.